ಡ್ಯಾಶ್‌ಬೋರ್ಡಿನ ಒಳಮೈ

ಒಂದು ವರ್ಷದಿಂದ ಮಾತು ಬಿಟ್ಟಿದ್ದ ಭಾವ ಫೋನು ಮಾಡಿ ಮೊದಲು ವಿಚಾರಿಸಿದ್ದು ನನ್ನ ಯೋಗಕ್ಷೇಮವನ್ನಲ್ಲ, ಕಾರಿನ ವೈರುಗಳನ್ನು.

"ಮುತ್ತು, ಡ್ಯಾಶ್‌ಬೋರ್ಡಿಗೆ ಗೆದ್ದಲು ಹಿಡ್ದೈತೆ ಕಣೋ. ಮೀಟರೆಲ್ಲ ಈಚೆಗೆ ಬಂದು ವೈರಿನಾಗೆ ನೇತಾಡ್ತಾ ಅವೆ. ಮಧುಗಿರೀಲಿ ಗೌರೀಶ ಅಂತ ಆಚಾರಿ ಅವ್ನೆ, ಹೊಸ ಹಲಗೆ ಮಾಡ್ಕೊಡ್ತಾನೆ. ಆದ್ರೆ ಹಳೇದನ್ನ ಬಿಚ್ಚೋಕೆ ನೀನೇ ಬರ್ಬೇಕು. ಯಾವ ವೈರು ಎಲ್ಲಿಗೆ ಹೋಗ್ತದೆ ಅಂತ ಬೇರೆಯೋರಿಗೆ ಗೊತ್ತಾಗಲ್ಲ."

"ಬರ್ತೀನಿ" ಎಂದಷ್ಟೇ ಹೇಳಿ ಫೋನಿಟ್ಟೆ. ಅವರ ಮೇಲಿನ ಸಿಟ್ಟು ನನಗೆ ಇಳಿದಿರಲಿಲ್ಲ. ಆದರೆ ಕಾರೇನು ಮಾಡಿತ್ತು ಪಾಪ. ನನ್ನ ಅಕ್ಕ ಅರ್ಧ ಆಯುಷ್ಯ ಅದರ ಎಡಗಡೆ ಸೀಟಿನಲ್ಲಿ ಕೂತು ಓಡಾಡಿದ್ದಾಳೆ.

ಭಾವ ಅಂದರೆ ಕದಿರಯ್ಯ ಮೇಷ್ಟ್ರು, ಪುರವರದ ಕಡೆಯವರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರಾದವರು. ನನ್ನ ಎರಡನೇ ಅಕ್ಕ ರಾಮಾಂಜಿನಮ್ಮನ ಗಂಡ. ನಾನು ಪಾವಗಡದ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಭಾವನ ಹಳೇ ಹೆರಾಲ್ಡ್ ಕಾರಿನ ವೈರಿಂಗೆಲ್ಲ ನನ್ನ ಕೈಯದೇ. ಬೇರೆ ಯಾವನಾದರೂ ಅದರೊಳಗೆ ಇಣುಕಿದರೆ ತಲೆ ಸುತ್ತಿ ಬೀಳಬೇಕು, ಹಾಗೆ ಎಳೆದಿದ್ದೇನೆ.

ಆ ಕಾರು ಅವರಿಗೆ ಶೋಕಿಗೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಶಾಲೆಯಿದ್ದ ಊರಿನಲ್ಲಿ ದೊಡ್ಡವರ ಮನೆಗಳ ಸಾಲು ಬಂದಾಗ, ಜಗಲಿಯ ಮೇಲೆ ಕೂತವರು, "ಮೇಷ್ಟ್ರೇ, ಇಲ್ಲಿ ಇಳ್ಕಂಡು ತಳ್ಕಂಡು ಹೋಗ್ರಿ" ಎನ್ನುತ್ತಿದ್ದರಂತೆ. ಗದರಿಸಿ ಹೇಳುತ್ತಿರಲಿಲ್ಲ, ನೀರು ಕುಡೀತೀರಾ ಎಂದು ಕೇಳುವಷ್ಟು ಸಲೀಸಾಗಿ ಹೇಳುತ್ತಿದ್ದರಂತೆ. ಭಾವ ಇಳಿದು ತಳ್ಳಿಕೊಂಡು ಹೋದರು. ಅದೇ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು. ಆಮೇಲೆ ತುಮಕೂರಿನ ಡಾಕ್ಟರೊಬ್ಬರು ಮಾರಾಟಕ್ಕಿಟ್ಟಿದ್ದ ಈ ಕಾರನ್ನು ತಂದರು. "ಕಾರಲ್ಲಿ ಕೂತೋನಿಗೆ ಇಳೀ ಅನ್ನೋಕೆ ಬಾಯಿ ಬರಲ್ಲ ಕಣೋ" ಎಂದಿದ್ದರು ನನಗೆ. ಮೊದಲನೇ ದಿನ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಬೀದಿಯಲ್ಲಿ ಹಾರನ್ ಹೊಡೆಯುತ್ತಾ ಹೋಗಿ, ಹಾರನ್ ಹೊಡೆಯುತ್ತಾ ತಿರುಗಿ ಬಂದರಂತೆ. ಅಕ್ಕ ನಾಚಿಕೆಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳಂತೆ.

ಕಾರು ಬಂದಾಗ ಅದರ ಡ್ಯಾಶ್‌ಬೋರ್ಡು ಬಿಸಿಲಿಗೆ ಸೀಳಿಹೋಗಿತ್ತು. ಆ ಕಾರಿನಲ್ಲಿ ಅದು ಮರದ್ದು, ಉದ್ದಕ್ಕೆ ಒಂದೇ ಹಲಗೆ. ಅದನ್ನು ಕಿತ್ತು ಬಿಸಾಕಿ, ಪಾವಗಡದಲ್ಲಿ ಹೊನ್ನೆ ಮರದ ಹಲಗೆ ಕೊಯ್ಯಿಸಿ, ಮೀಟರುಗಳಿಗೆ ತೂತು ತೆಗೆಸಿ ಕೂರಿಸಿದವನು ನಾನೇ. ಎದುರಿನ ಮೈಗೆ ಮುಖ ಕಾಣುವಂತೆ ಪಾಲಿಶ್ ಹಾಕಿಸಿದೆ. ಒಳಮೈಗೆ ಏನೂ ಬಳಿಸಲಿಲ್ಲ. ವೈರುಗಳ ಕಡೆಯ ಮೈಯನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಆಮೇಲೆ ನನಗೂ ಆ ಕಡೆ ತಲೆ ಹಾಕುವ ಪ್ರಸಂಗ ಬರಲಿಲ್ಲ.

ಅದಾದ ಒಂದೆರಡು ವರ್ಷಕ್ಕೆ ಭಾವ ಬೌದ್ಧ ದೀಕ್ಷೆ ತೆಗೆದುಕೊಂಡರು. ಮನೆಗೆ ಬಂದವರೇ ಗೋಡೆಯ ದೇವರ ಫೋಟೋಗಳನ್ನು ಇಳಿಸಿದರು. ಇನ್ನು ಮೇಲೆ ಆಯುಧಪೂಜೆ, ಕುಂಬಳಕಾಯಿ, ಕುಂಕುಮ, ಯಾವುದೂ ಕಾರಿನ ಹತ್ತಿರ ಸುಳಿಯಬಾರದು ಎಂದು ಅಕ್ಕನಿಗೆ ಹೇಳಿದರು. ಅಕ್ಕ "ಆಯ್ತು ಬುಡ್ರಿ" ಎಂದಳಂತೆ. ಅಷ್ಟೇ. ಆ "ಆಯ್ತು ಬುಡ್ರಿ"ಯನ್ನು ಭಾವ ಜೀವಮಾನವಿಡೀ ಭಾಷಣದಲ್ಲಿ ಹೇಳಿಕೊಂಡು ಬಂದರು. "ನನ್ನ ಹೆಂಡತಿ ನಾಲ್ಕನೇ ಕ್ಲಾಸು. ಒಂದೇ ಮಾತಿಗೆ ಎಲ್ಲಾ ಬಿಟ್ಟಳು. ಡಿಗ್ರಿ ಮಾಡಿದ ನಿಮಗೇನು ರೋಗ?" ಎಂದು ಕೇಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಗುತ್ತಿದ್ದಳು.

ನನ್ನನ್ನಂತೂ ಅವರು ಬಿಡುತ್ತಿರಲಿಲ್ಲ. "ಏನ್ಲಾ ಮುತ್ತು, ನಿಮ್ಮ ಬಸ್ಸು ಡೀಸೆಲ್ಲಿಗೆ ಓಡ್ತವಾ, ಕುಂಬಳಕಾಯಿಗಾ?" ಎಂದು ಪ್ರತಿ ವರ್ಷ ಕೇಳುತ್ತಿದ್ದರು. "ಓಡೋದು ಡೀಸೆಲ್ಲಿಗೆ ಭಾವ, ನಿಲ್ಲೋದು ಕುಂಬಳಕಾಯಿಗೆ" ಎನ್ನುತ್ತಿದ್ದೆ. ಭಾವ–ಭಾಮೈದರ ಮಾತು ಹೀಗೇ ಇರುತ್ತದೆ, ಇಬ್ಬರೂ ನಗುತ್ತಿದ್ದೆವು.

ನಗು ನಿಂತದ್ದು ಅಕ್ಕನನ್ನು ಅಂಗಳದಲ್ಲಿ ಮಲಗಿಸಿದ ದಿನ. ದೊಡ್ಡಕ್ಕ ಮಂಜಮ್ಮ ದೊಡ್ಡೇರಿಯಿಂದ ಹಸಿರು ಬಳೆ, ಹೂವು, ಅರಿಸಿನ ಕುಂಕುಮ ಎಲ್ಲ ತಂದಿದ್ದಳು. ಗಂಡನಿಗಿಂತ ಮುಂಚೆ ಹೋದವಳು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಹೋಗಬೇಕು ಎನ್ನುವುದು ಅವಳ ಆಸೆ. ಬೆರಳು ಅದ್ದಿ ಹಣೆಯ ಹತ್ತಿರ ತಂದಿದ್ದಳು. ಭಾವ ಆ ಕೈಯನ್ನು ಹಿಡಿದು ನಿಲ್ಲಿಸಿದರು.

"ಬೇಡಮ್ಮ. ಅವಳು ಇದನ್ನೆಲ್ಲ ಬಿಟ್ಟು ಎಷ್ಟೋ ಕಾಲ ಆಯ್ತು. ಅವಳ ಮಾತಿಗೆ ಮರ್ಯಾದೆ ಕೊಡಿ."

ದೊಡ್ಡಕ್ಕ ಕಾಲು ಹಿಡಿಯುವುದೊಂದು ಬಾಕಿ. "ಒಂದು ಬೊಟ್ಟು ಕಣಪ್ಪ, ಒಂದೇ ಒಂದು ಬೊಟ್ಟು" ಎಂದು ಗೋಗರೆದಳು. ಭಾವ ಒಪ್ಪಲಿಲ್ಲ. ನಾನು ಬಾಯಿಗೆ ಬಂದದ್ದು ಅಂದೆ. ಭಾವ ತಾವೇ ಬಿಳಿ ಸೀರೆ ಹೊದಿಸಿ, ನಡುಗುವ ದನಿಯಲ್ಲಿ ಪಂಚಶೀಲ ಹೇಳಿದರು. ಅಕ್ಕ ಬೋಳು ಹಣೆಯಲ್ಲಿ ಮಣ್ಣಿಗೆ ಹೋದಳು. ಅವತ್ತಿನಿಂದ ನಾನು ಆ ಮನೆ ಮೆಟ್ಟಿಲು ಹತ್ತಿರಲಿಲ್ಲ.

ಈಗ ವರ್ಷ ತುಂಬುತ್ತಿತ್ತು. ಭಾನುವಾರ ಅಕ್ಕನ ನೆನಪಿನ ಸಭೆ, ಬೌದ್ಧರ ಪುಣ್ಯಾನುಮೋದನೆ, ಇಟ್ಟುಕೊಂಡಿದ್ದರು. ತುಮಕೂರಿನಿಂದ ಬರುವ ಬೌದ್ಧ ಭಿಕ್ಷು ಭಂತೇಜಿಯನ್ನು ಅದೇ ಕಾರಿನಲ್ಲಿ ಕರೆತರಬೇಕು ಎಂದು ಅವರಿಗೆ ಹಟ. ಕೊರಟಗೆರೆಯಲ್ಲಿರುವ ಅಕ್ಕನ ಮಗಳು ವೇದಾವತಿ ಫೋನಿನಲ್ಲಿ, "ಮಾವ, ಈಗಲಾದ್ರೂ ಹೋಗು. ಅಪ್ಪ ರಾಜಿಗೆ ಬರೋ ರೀತಿ ಇದೇ. ಬಾಯಿಬಿಟ್ಟು ಕೇಳೋ ಪೈಕಿ ಅಲ್ಲ" ಎಂದಳು. ಅದು ನನಗೂ ಗೊತ್ತಿತ್ತು.

ಮಧುಗಿರಿಯಲ್ಲಿ ಗೌರೀಶನ ಶೆಡ್ಡಿನ ಮುಂದೆ ಕಾರು ನಿಂತಿತ್ತು. ಭಾವ ಸೊರಗಿಹೋಗಿದ್ದರು. ಕಾಲರಿನೊಳಗೆ ಕುತ್ತಿಗೆ ಆಡುತ್ತಿತ್ತು. "ಬಂದ್ಯಾ" ಎಂದರು. "ಬಂದೆ" ಎಂದೆ. ಒಂದು ವರ್ಷದ ಜಗಳಕ್ಕೆ ಅಷ್ಟರಲ್ಲೇ ಮಂಗಳ ಹಾಡಿ, ಅವರು ಕಾರಿನ ಮುಂಬಾಗಿಲು ತೆಗೆದರು.

ಡ್ಯಾಶ್‌ಬೋರ್ಡಿನ ಸ್ಥಿತಿ ನೋಡಿ ನನಗೇ ಅಯ್ಯೋ ಅನ್ನಿಸಿತು. ಎಡಗಡೆ ಗೆದ್ದಲಿನ ಮಣ್ಣು ಕಟ್ಟಿತ್ತು, ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಬಲಗಡೆ ಅಷ್ಟು ಹಾಳಾಗಿರಲಿಲ್ಲ. ಬ್ಯಾಟರಿ ಕಳಚಿ, ಸ್ಟೀರಿಂಗಿನ ಕೆಳಗೆ ಅಂಗಾತ ಮಲಗಿ, ಮೊಬೈಲಿನ ಟಾರ್ಚ್ ಹಾಕಿಕೊಂಡು ತಲೆ ಒಳಗೆ ತೂರಿಸಿದೆ. ಈ ವಯಸ್ಸಿನಲ್ಲಿ ಆ ಸಂದಿಗೆ ನುಗ್ಗುವುದು ಸುಲಭವಲ್ಲ, ಸೊಂಟ ಹಿಡಿದುಕೊಂಡಿತು.

ಬೆಳಕು ಬಿದ್ದಾಗ ಹಲಗೆಯ ಒಳಮೈಯಲ್ಲಿ ಕೆಂಪು ಕಂಡಿತು. ತುಕ್ಕು ಎಂದುಕೊಂಡೆ. ಮರಕ್ಕೆಲ್ಲಿಯ ತುಕ್ಕು? ಕಣ್ಣು ಕಿರಿದು ಮಾಡಿ ನೋಡಿದೆ. ಬೊಟ್ಟುಗಳು. ಎಣ್ಣೆಯಲ್ಲಿ ಕಲಸಿ ಉಂಗುರ ಬೆರಳಿನಿಂದ ಇಟ್ಟ ಕುಂಕುಮದ ಬೊಟ್ಟುಗಳು. ಪಾಲಿಶ್ ಇಲ್ಲದ ಮರ ಅದನ್ನು ಹೀರಿಕೊಂಡಿತ್ತು. ಮೇಲೆ, ಸ್ಟೀರಿಂಗಿನ ಸುತ್ತ ಇದ್ದವು ಕಪ್ಪಾಗಿದ್ದವು. ಕೆಳಕ್ಕೆ ಬಂದಂತೆ ಬಣ್ಣ ಏರುತ್ತಿತ್ತು. ವರ್ಷ ವರ್ಷ ಅಕ್ಕನ ಬೆನ್ನು ಬಗ್ಗದಾಗಿ, ಕೈ ಮೇಲಕ್ಕೆ ಎಟುಕದಾದಂತೆ ಬೊಟ್ಟುಗಳೂ ಕೆಳಗಿಳಿದಿದ್ದವು ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಒಮ್ಮೆ ಆಯುಧಪೂಜೆಯ ದಿನ ನಾನು ಅವರ ಮನೆಗೆ ಹೋದಾಗ ಅಕ್ಕ ಕಾರಿನೊಳಗಿಂದ ತಲೆಗೂದಲೆಲ್ಲ ಧೂಳು ಮಾಡಿಕೊಂಡು ಈಚೆಗೆ ಬಂದಿದ್ದಳು. "ಕಿವಿ ತಿರುಪು ಬಿದ್ದೋಗಿತ್ತು ಕಣೋ, ಹುಡುಕ್ತಿದ್ದೆ" ಎಂದಿದ್ದಳು. ನಾನೂ ಮೂರ್ಖನ ಹಾಗೆ ಬಗ್ಗಿ ಹುಡುಕಿದ್ದೆ. "ಪೋನೀಲೇ ಮುತ್ತು, ಸಿಕ್ತು ಬುಡು" ಎಂದು ನಮ್ಮೂರಿನ ತೆಲುಗು ಬೆರೆಸಿ ಸಾಗಹಾಕಿದ್ದಳು. ಆಯುಧಪೂಜೆಯ ಮಾರನೆ ದಿನ ವಿಜಯದಶಮಿ. ಅವತ್ತು ಬೌದ್ಧರ ದೀಕ್ಷಾ ದಿನವೆಂದು ಭಾವ ಅಕ್ಕನನ್ನು ಕೂರಿಸಿಕೊಂಡು ತುಮಕೂರಿನ ಸಭೆಗೆ ಕಾರು ಓಡಿಸುತ್ತಿದ್ದರು. ಅಲ್ಲಿ ಮೈಕಿನ ಮುಂದೆ ನಿಂತು, ಹೆಂಡತಿ ಒಂದೇ ಮಾತಿಗೆ ಎಲ್ಲ ಬಿಟ್ಟ ಕಥೆ ಹೇಳುತ್ತಿದ್ದರು. ಹಿಂದಿನ ದಿನವಷ್ಟೇ ಅವಳು ಇಲ್ಲಿ ನುಗ್ಗಿ, ಗಂಡ ಕ್ಷೇಮವಾಗಿ ಹೋಗಿ ಬರಲಿ ಎಂದು ಬೊಟ್ಟಿಟ್ಟು ಬಂದಿರುತ್ತಿದ್ದಳು.

ನನಗೆ ಅಳು ಬಂತು. ಅಂಗಾತ ಮಲಗಿದವನ ಕಣ್ಣೀರು ಕಿವಿಗೆ ಇಳಿಯಿತು.

"ಏನೋ, ನಿದ್ದೆ ಹೋದ್ಯಾ?" ಎಂದು ಭಾವ ಹೊರಗಿನಿಂದ ಕೇಳಿದರು.

"ಸ್ಕ್ರೂ ಬಿಗಿಯಾಗೈತೆ" ಎಂದೆ.

ಅಲ್ಲೇ ಮಲಗಿ ಯೋಚಿಸಿದೆ. ಒಂದು ವರ್ಷದಿಂದ ಕಾಯುತ್ತಿದ್ದ ಸಾಕ್ಷಿ ಮೂಗಿನ ನೇರಕ್ಕೇ ಇತ್ತು. 'ನೋಡಿ ಭಾವ, ಯಾರ ಮಾತಿಗೆ ಮರ್ಯಾದೆ ಕೊಟ್ರಿ?' ಎಂದು ಹಲಗೆಯನ್ನು ಅವರ ಮುಂದೆ ಹಿಡಿಯಬಹುದಿತ್ತು. ಆದರೆ ಅಕ್ಕ ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಬಿಚ್ಚಲು ನಾನ್ಯಾರು? ಕುತ್ತಿಗೆ ಸಣ್ಣಗಾದ ಆ ಮನುಷ್ಯ ಇದನ್ನು ಹೊತ್ತುಕೊಂಡು ಉಳಿದ ದಿನ ಹೇಗೆ ಕಳೆದಾನು? ಬೇಡ, ಹಲಗೆಯನ್ನು ಸದ್ದಿಲ್ಲದೆ ಪಾವಗಡಕ್ಕೆ ಒಯ್ದುಬಿಡುತ್ತೇನೆ ಎಂದುಕೊಂಡೆ. ವೈರುಗಳಿಗೆ ಒಂದೊಂದಾಗಿ ದಾರ ಕಟ್ಟಿ ಗುರುತು ಮಾಡಿ, ಮೀಟರು ಬಿಚ್ಚಿ, ಹಲಗೆಯನ್ನು ಒಳಮೈ ನನ್ನ ಎದೆಗೆ ಬರುವಂತೆ ಹಿಡಿದು ಈಚೆಗೆ ತಂದೆ.

ಗೌರೀಶನ ಕೆಲಸದ ರೀತಿ ನನಗೆ ತಿಳಿದಿರಲಿಲ್ಲ. ಅವನು ನನ್ನ ಕೈಯಿಂದ ಹಲಗೆ ಇಸಿದುಕೊಂಡು, ಹೊಸ ತೇಗದ ಹಲಗೆಯ ಮೇಲೆ ಬೋರಲು ಹಾಕಿದ. ಹಳೆಯದನ್ನೇ ಅಚ್ಚಾಗಿಟ್ಟುಕೊಂಡು, ಹಿಂದಿನ ಮೈಯಿಂದ ತೂತುಗಳ ಗೆರೆ ಎಳೆಯುತ್ತಾನೆ. ಎದುರಿನ ಮೈ ಮೇಲೆ ಪೆನ್ಸಿಲ್ ಗೀಚಾಗಬಾರದಲ್ಲ. ಒಳಮೈ ಬಿಸಿಲಿಗೆ ಹಾಗೇ ತೆರೆದುಕೊಂಡಿತು.

"ಸಾರ್, ಕುಂಕುಮ" ಎಂದ ಗೌರೀಶ.

ಭಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅವರು ಜೋರಾಗಿ ನಕ್ಕುಬಿಟ್ಟರು.

"ನೋಡ್ದೇನಪ್ಪ ಗೌರೀಶ, ಈ ಕಾರು ಮುಂಚೆ ಡಾಕ್ಟರ ಮನೇದು. ಮನುಷ್ಯನ ಮೈ ಕೊಯ್ದು ನೋಡ್ದೋರು, ಕಾರಿಗೆ ಕುಂಕುಮ ಇಟ್ಟವ್ರೆ. ಅದೂ ಕದ್ದು, ಒಳಗಡೆ. ಈಚೆ ಇಡೋಕೆ ನಾಚ್ಕೆ. ನಮ್ಮನೇಲಿ ನೋಡು, ನಾಲ್ಕನೇ ಕ್ಲಾಸು ಓದಿದ ಹೆಂಗಸು, ಒಂದೇ ಮಾತಿಗೆ ಬುಟ್ಟಾಕಿದ್ಳು."

ಇದು ಒಳ್ಳೆಯದೇ ಆಯಿತು ಎಂದು ನನಗೆ ಜೀವ ಬಂದಂತಾಯಿತು. ಡಾಕ್ಟರ ಮನೆಯ ಲೆಕ್ಕಕ್ಕೇ ಹೋಗಲಿ ಬಿಡು ಎಂದುಕೊಂಡು, "ಹೌದು ಭಾವ, ಇದನ್ನ ನಾನು ತಗಂಡೋಗಿ ಒಲೆಗಾಕ್ತೀನಿ" ಎಂದೆ.

"ಒಲೆಗಾ? ಹುಚ್ಚು ಹಿಡ್ದೈತಾ ನಿಂಗೆ? ಭಾನುವಾರ ಇದನ್ನ ಸಭೇಲಿ ಇಡ್ತೀನಿ. ಒಂದು ಕಡೆ ಅವಳ ಫೋಟೋ, ಇನ್ನೊಂದು ಕಡೆ ಈ ಹಲಗೆ. ಓದಿದೋರ ಮನೆ ಹೆಂಗಸು ಹೆಂಗೆ ಬದುಕಿದ್ಳು, ನನ್ನ ರಾಮಾಂಜಿನಿ ಹೆಂಗೆ ಬದುಕಿದ್ಳು, ಜನ ಕಣ್ಣಾರೆ ನೋಡ್ಲಿ. ನಿಮ್ಮ ದೊಡ್ಡಕ್ಕನೂ ಬರ್ತಾಳಲ್ಲ, ಆವಮ್ಮನೂ ನೋಡ್ಲಿ."

ಅವರ ಮುಖದಲ್ಲಿ ಎಷ್ಟು ಹೆಮ್ಮೆಯಿತ್ತು ಎಂದರೆ ನೋಡಲಾಗಲಿಲ್ಲ. ಹೆಂಡತಿಯ ಬೊಟ್ಟುಗಳನ್ನೇ ತೋರಿಸಿ, ಹೆಂಡತಿಯ ಫೋಟೋದ ಪಕ್ಕದಲ್ಲೇ ನಿಂತು, ಯಾರೋ ಮೂಢ ಹೆಂಗಸು ಎಂದು ಈ ಮನುಷ್ಯ ನಗಿಸುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅಕ್ಕನಿಗೆ ಬದುಕಿದ್ದಾಗ ಆದದ್ದು ಸಾಲದೆ, ಇದೂ ಆಗಬೇಕೆ? ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

"ಗೌರೀಶ, ಒಂದು ಟೀ ಕುಡ್ದು ಬಾ ಹೋಗಪ್ಪ" ಎಂದೆ. ಅವನು ನನ್ನ ಮುಖ ನೋಡಿ, ಉಳಿ ಕೆಳಗಿಟ್ಟು ಹೋದ.

"ಭಾವ, ಇದು ಡಾಕ್ಟರ ಮನೆ ಹಲಗೆ ಅಲ್ಲ. ಅದು ಸೀಳೋಗಿತ್ತು ಅಂತ ಕಿತ್ತಾಕಿದ್ವಲ್ಲ. ಇದು ಕಾರು ನಿಮ್ಮನೆಗೆ ಬಂದ ಮೇಲೆ ನಾನು ಪಾವಗಡದಲ್ಲಿ ಮಾಡ್ಸಿದ್ದು. ಮರ್ತ್ಬುಟ್ರಾ?"

ಅವರು ನನ್ನನ್ನೇ ನೋಡಿದರು. ನಗು ಇನ್ನೂ ತುಟಿಯ ಮೇಲೇ ಇತ್ತು, ಅದನ್ನು ಏನು ಮಾಡುವುದೆಂದು ತಿಳಿಯದವರ ಹಾಗೆ.

"ಹಂಗಾದ್ರೆ ದೀಕ್ಷೆಗೆ ಮುಂಚಿಂದಿರ್ಬೇಕು" ಎಂದರು. "ಆಗ ಪೂಜೆ ಮಾಡ್ತಿದ್ವಲ್ಲ."

"ಆಗ ಎಲ್ಲಾರ ಮುಂದೆ ಬಾನೆಟ್ ಮೇಲೇ ಇಡ್ತಿದ್ಳು. ಒಳಗೆ ನುಗ್ಗೋ ಅಗತ್ಯ ಏನಿತ್ತು ಭಾವ?"

ಅವರು ಹಲಗೆಯ ಮುಂದೆ ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತರು. ಮೇಲಿನ ಕಪ್ಪು ಬೊಟ್ಟಿನಿಂದ ಹಿಡಿದು ಒಂದೊಂದನ್ನೂ ಮುಟ್ಟುತ್ತಾ ಕೆಳಗೆ ಬಂದರು. ತುಟಿ ಅಲುಗುತ್ತಿತ್ತು. ತಳದ ಅಂಚಿನಲ್ಲಿ ಸೊಟ್ಟಗೆ ಹತ್ತಿದ್ದ ಕೊನೆಯದನ್ನು ಮುಟ್ಟಿದಾಗ ಬೆರಳಿಗೆ ಕೆಂಪು ಅಂಟಿತು. ಅದು ಇನ್ನೂ ಮರಕ್ಕೆ ಇಳಿದಿರಲಿಲ್ಲ.

ಬೆರಳನ್ನು ಹಾಗೇ ಮುಂದೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗದೆ ಹೇಳತೊಡಗಿದರು.

"ಹೋದ ಸಲ ದಸರಾದಾಗ, ಆಯುಧಪೂಜೆ ದಿನ, ಅವಳಿಗೆ ಎದ್ದೇಳೋಕೂ ತ್ರಾಣ ಇರ್ಲಿಲ್ಲ ಕಣೋ. ಮಧ್ಯಾಹ್ನ, 'ಕಾರಲ್ಲಿ ಒಸಿ ಹೊತ್ತು ಕೂತ್ಕತೀನಿ, ಗಾಳಿ ಬರ್ತದೆ' ಅಂದ್ಳು. ನಾನೇ ಎತ್ಕಂಡೋದೆ. ಹಗುರ ಆಗ್ಬುಟ್ಟಿದ್ಳು. ಅವಳ ಕಡೆ ಬಾಗಿಲು ತೆಗೆಯೋಕೆ ಹೋದ್ರೆ, 'ನಿಮ್ಮ ಸೀಟಲ್ಲಿ ಕೂರ್ಸಿ' ಅಂದ್ಳು. ಇವಳಿಗೂ ಈಗ ಕಾರು ಓಡ್ಸೋ ಆಸೆ ಬಂತಾ ಅಂತ ತಮಾಷೆ ಮಾಡ್ದೆ. ನಕ್ಕಳು. 'ಬಾಯಿ ಒಣಗ್ತದೆ, ನೀರು ತತ್ತೀರಾ' ಅಂದ್ಳು. ತರೋಕೋದೆ. ತಂದ್ರೆ ಕುಡೀಲೇ ಇಲ್ಲ, 'ಈಗ ಬ್ಯಾಡ' ಅಂದ್ಳು."

ನಾನು ಅವರ ಪಕ್ಕದಲ್ಲಿ ಕೂತೆ.

"ಎಲ್ಲಾ ಸ್ಟೀರಿಂಗ್ ಕಡೆಗೇ ಅವೆ" ಎಂದರು. "ಅವಳು ಕೂರೋ ಕಡೆ ಒಂದೂ ಇಲ್ವಲ್ಲೋ ಮುತ್ತು."

ಅದನ್ನು ನಾನು ಗಮನಿಸಿರಲಿಲ್ಲ. ನೋಡಿದೆ. ಎಡಗಡೆ ಗೆದ್ದಲು ತಿಂದು ಬಿಟ್ಟ ಮರ ಬಿಳಿಚಿಕೊಂಡಿತ್ತು, ಒಂದು ಬೊಟ್ಟಿನ ಕಲೆಯೂ ಇರಲಿಲ್ಲ.

"ನಂಗೆ ಹೆದರ್ತಿದ್ಳೇನೋ?"

"ಅಕ್ಕ ಯಾರಿಗೂ ಹೆದರಿದವಳಲ್ಲ ಭಾವ. ನೀವು ಅವಳ ಬಗ್ಗೆ ಸಭೇಲಿ ಅಷ್ಟು ಹೆಮ್ಮೆಯಿಂದ ಹೇಳೋದು ಕೇಳಿ ಕೇಳಿ, ಹೆಂಗೆ ಹೇಳೋದು ಅಂತ ಸುಮ್ನಾಗಿರ್ಬೇಕು." ಅದು ನಿಜವೋ, ಅವರನ್ನು ಸಮಾಧಾನ ಮಾಡಲು ಹೇಳಿದೆನೋ, ನನಗೇ ತಿಳಿಯದು. ಗೆದ್ದವನು ನಾನು. ಗೆದ್ದು ಇಷ್ಟು ಸಂಕಟಪಟ್ಟದ್ದು ಇದೇ ಮೊದಲು.

ಗೌರೀಶ ಟೀ ಕುಡಿದು ಬಂದು ದೂರದಲ್ಲೇ ನಿಂತ. ಈ ಹಲಗೆಯನ್ನೇ ಹೇಗಾದರೂ ಮತ್ತೆ ಕೂರಿಸಲಾಗುತ್ತದಾ ಎಂದು ನಾನು ಕೇಳಿದೆ. ಸ್ಕ್ರೂ ಕಚ್ಚುವುದಿಲ್ಲ, ಮೀಟರಿನ ಭಾರಕ್ಕೆ ಮುರಿದು ಕಾಲ ಮೇಲೆ ಬೀಳುತ್ತದೆ ಎಂದ. ಭಾವ ಕೇಳಿಸಿಕೊಂಡರೋ ಇಲ್ಲವೋ. ಅವರ ಕಣ್ಣು ಬೆರಳಿನ ಮೇಲೇ ಇತ್ತು.

"ಹಂಗಾದ್ರೆ ಒಂದು ಕೆಲ್ಸ ಮಾಡಿ ಭಾವ" ಎಂದೆ. "ಹೊಸ ಹಲಗೆ ಕೂರ್ಸೋ ಮುಂಚೆ ಅದರ ಒಳಗಡೆ ಒಂದು ಬೊಟ್ಟು ಇಟ್ಬುಡಿ. ಒಳಗಡೆ ಯಾರಿಗೂ ಕಾಣಲ್ಲ. ಅಕ್ಕನಿಗೆ ಅಂತ ಇಡಿ. ನಿಮ್ಮ ಮನಸ್ಸಿಗೂ ಒಸಿ ಸಮಾಧಾನ ಆಗ್ತದೆ."

ಅವರು ಇಲ್ಲವೆಂದು ತಲೆಯಾಡಿಸಿದರು. ಸಿಟ್ಟಿನಿಂದಲ್ಲ.

"ನಂಗೆ ಈಗ್ಲೂ ನಂಬಿಕೆ ಇಲ್ಲ ಕಣೋ. ನಾಳೆನೂ ಬರಲ್ಲ. ನಾನು ಇಲ್ಲಿ ಇಟ್ರೆ ಅದು ಬರೀ ಬಣ್ಣ, ಬರೀ ನಾಟಕ." ಬೆರಳಿನ ಕೆಂಪನ್ನು ಒರೆಸಿಕೊಳ್ಳಲೆಂದು ಅಂಗಿಯ ಅಂಚು ಹಿಡಿದವರು ಒರೆಸಿಕೊಳ್ಳದೆ ಬಿಟ್ಟರು. "ನಿಮ್ಮ ದೊಡ್ಡಕ್ಕ ಅವತ್ತು ಒಂದೇ ಒಂದು ಬೊಟ್ಟು ಅಂತ ಬೇಡ್ಕಂಡ್ಳು. ಬುಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು? ನಂಬಿಕೆ ರಾಮಾಂಜಿನೀದಾಗಿತ್ತು, ಹಣೆ ಅವಳದಾಗಿತ್ತು. ಅಲ್ಲಿ ಇಟ್ಟಿದ್ರೆ ಅದು ಸುಳ್ಳಾಗ್ತಿರ್ಲಿಲ್ಲ ಮುತ್ತು. ಆ ಹಣೆ ಈಗ ಎಲ್ಲೈತೆ?"